ಕಾಲ್ಕಡಗ, ಕಾಲ್ಕೋಳ, ಕೇರಿಯ ಕಾಲು

ಸಂಕೋಲೆ ಎಂಬ ಪದವನ್ನು ನಮ್ಮ ಪದ್ಯಗಳಲ್ಲಿ ನಾವು ಎಷ್ಟು ಸವೆಸಿದ್ದೇವೆಂದರೆ, ನಿಜವಾದ ಸಂಕೋಲೆಯೊಂದು ಕಾಲಿನ ಹತ್ತಿರ ಬಂದು ಕೂತಾಗ ಅದರ ಗುರುತೇ ಹತ್ತುತ್ತಿಲ್ಲ. ಪುಟಕ್ಕೊಂದು ಸಂಕೋಲೆ, ಪುಟಕ್ಕೊಂದು ಬೇಡಿ. ಕಳಚು, ಮುರಿ, ಕಿತ್ತೊಗೆ. ಬರೆದವರೂ ನಾವೇ, ಓದಿ ಚಪ್ಪಾಳೆ ತಟ್ಟಿದವರೂ ನಾವೇ. ಈಗ ಬರುತ್ತಿರುವುದು ಕಬ್ಬಿಣದ್ದಲ್ಲ. ರಬ್ಬರಿನ ಪಟ್ಟಿ, ಪ್ಲಾಸ್ಟಿಕ್ಕಿನ ಡಬ್ಬಿ, ಒಳಗೊಂದು ಬ್ಯಾಟರಿ, ಒಂದು ಸಿಮ್ಮು, ಮೇಲಿನ ಉಪಗ್ರಹಕ್ಕೆ ಕಿವಿಗೊಟ್ಟ ಜಿಪಿಎಸ್ಸು. ಪೆರೋಲಿನ ಮೇಲೆ ಹೊರಬಂದ ಕೈದಿಯ ಕಾಲಿಗೆ ಕಟ್ಟಿದರೆ ಅವನು ಎಲ್ಲಿದ್ದಾನೆ ಅಂತ ಠಾಣೆಯಲ್ಲಿ ಕೂತೇ ನೋಡಬಹುದಂತೆ. ಕನ್ನಡ ಪತ್ರಿಕೆಗಳು ಇದನ್ನು ಕಾಲ್ಕಡಗ ಎಂದರೆ ನಮ್ಮ ಅಜ್ಜಿ ಒಡವೆ ಅಂದುಕೊಳ್ಳುತ್ತಾಳೆ. ಕೈಗೆ ಹಾಕಿದರೆ ಕೈಕೋಳ ಅನ್ನುವ ಭಾಷೆಯಲ್ಲಿ ಕಾಲಿಗೆ ಹಾಕಿದ್ದನ್ನು ಕಾಲ್ಕೋಳ ಅನ್ನಲು ಯಾರ ಅಪ್ಪಣೆ ಬೇಕು?

ಇಲ್ಲಿ ನಾವು ವಿಮರ್ಶೆಗೆ ಎತ್ತಿಕೊಂಡಿರುವುದು ಪದ್ಯವನ್ನಲ್ಲ, ಕಾನೂನಿನ ಒಂದು ವಾಕ್ಯವನ್ನು. ಕಥೆ ಕಾದಂಬರಿ ಬಿಟ್ಟು ಇದೇನು ಅಂತ ಕೆಲವು ಗೆಳೆಯರು ಮೂಗು ಮುರಿಯಬಹುದು. ನಮ್ಮ ಮನೆಗಳಲ್ಲಿ ಮೊದಲು ಡಿಗ್ರಿ ಕಂಡವರು ನಾವು. ನಮ್ಮಪ್ಪಂದಿರು ಓದಲಾಗದೆ ಹೆಬ್ಬೆಟ್ಟು ಒತ್ತಿದ ಕಾಗದಗಳನ್ನು ನಾವಾದರೂ ಓದಬೇಕಲ್ಲ. ಈ ವಾಕ್ಯ ಇರುವುದು ಕೇಂದ್ರ ಗೃಹ ಇಲಾಖೆ 2023ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಕಾರಾಗೃಹ ಕಾಯಿದೆಯಲ್ಲಿ. ಜೈಲು ರಾಜ್ಯದ ವಿಷಯ, ಹಾಗಾಗಿ ಇದು ಮಾದರಿ ಮಾತ್ರ; ಒಪ್ಪುವುದು ಬಿಡುವುದು ರಾಜ್ಯಗಳಿಗೆ ಸೇರಿದ್ದು. ವಾಕ್ಯದ ಸಾರ ಇಷ್ಟು: ಎಲೆಕ್ಟ್ರಾನಿಕ್ ಸಾಧನ ತೊಡುವ ಇಚ್ಛೆ ಕೈದಿಗಿದೆ ಎಂಬ ಷರತ್ತಿನ ಮೇಲೆ ಅವನಿಗೆ ರಜೆ ಕೊಡಬಹುದು, ಮೀರಿ ನಡೆದರೆ ಆ ರಜೆಯೂ ಹೋಯಿತು, ಮುಂದಿನ ರಜೆಗಳೂ ಹೋದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಂಸತ್ತಿನ ಗೃಹ ವ್ಯವಹಾರಗಳ ಸ್ಥಾಯಿ ಸಮಿತಿಯೂ ಕೈಗೆ ಅಥವಾ ಕಾಲಿಗೆ ಇಂಥ ಪಟ್ಟಿ ಕಟ್ಟುವುದನ್ನು ಯೋಚಿಸಿ ಎಂದಿತು. ನವೆಂಬರಿನಲ್ಲಿ ಜಮ್ಮು ಕಾಶ್ಮೀರದ ಪೊಲೀಸರು ಜಾಮೀನಿನ ಮೇಲೆ ಹೊರಬಂದ ಒಬ್ಬ ಆರೋಪಿಯ ಕಾಲಿಗೆ ಕಟ್ಟಿಯೇ ಬಿಟ್ಟರು. ದೇಶದಲ್ಲಿ ಅದೇ ಮೊದಲು.

ವಾಕ್ಯದಲ್ಲಿ ಎಲ್ಲ ಪದಗಳೂ ಸಾದಾ. ಒಂದು ಪದ ಮಾತ್ರ ನಮ್ಮನ್ನು ಕಾಡಿತು: ಇಚ್ಛೆ. ತಾಯಿ ಸತ್ತಿದ್ದಾಳೆ, ಮಣ್ಣಿಗೆ ಹೋಗಬೇಕು ಅನ್ನುವ ಕೈದಿಗೆ 'ನಿನಗೆ ಇಚ್ಛೆ ಇದೆಯೇನಪ್ಪ' ಅಂತ ಕೇಳುವುದು ಎಂಥ ಪ್ರಶ್ನೆ? ಈ ಪದವನ್ನು ನಾವು ಹಿಂದೆಯೂ ಕಂಡಿದ್ದೇವೆ. ಜೀತಕ್ಕೆ ಸೇರಿದವರೆಲ್ಲ ಇಚ್ಛೆಯಿಂದಲೇ ಸೇರಿದವರು, ಕೇಳಿದ್ದಕ್ಕೆ ಗೌಡರು ಸಾಲ ಕೊಟ್ಟರು, ತೀರಿಸುವವರೆಗೆ ದುಡಿಯಲು ಒಪ್ಪಿದರು. 1976ರಲ್ಲಿ ಜೀತ ನಿಷೇಧದ ಕಾಯಿದೆ ಬಂತು. ಅದಾಗಿ 24 ವರ್ಷಕ್ಕೆ, 2000ನೇ ಇಸವಿಯಲ್ಲಿ, ಚನ್ನಪಟ್ಟಣ ದಾಟಿ ಮಂಡ್ಯದ ಆಚೆ ಶ್ರೀರಂಗಪಟ್ಟಣ ತಾಲ್ಲೂಕಿನ ಹಂಗರಹಳ್ಳಿಯ ಕಲ್ಲು ಕ್ವಾರಿಯಲ್ಲಿ ಜೀತದಾಳುಗಳು ಕಾಲಿಗೆ ಕಬ್ಬಿಣದ ಸರಪಳಿ ಹಾಕಿಸಿಕೊಂಡೇ ಕಲ್ಲೊಡೆಯುತ್ತಿದ್ದುದು ಬಯಲಾಯಿತು. ಓಡಿಹೋಗಬಾರದಲ್ಲ, ಅದಕ್ಕೆ. ಅಲ್ಲಿಯೂ ಸರಪಳಿಯ ಕೆಲಸ ಒಂದೇ ಇತ್ತು: ಆಳು ಎಲ್ಲಿದ್ದಾನೆ ಅನ್ನುವುದು ಧಣಿಗೆ ಗೊತ್ತಿರಬೇಕು. ಆ ಕೆಲಸವನ್ನು ಆ ಸರಪಳಿ ಬಹಳ ಪರಿಣಾಮಕಾರಿಯಾಗಿಯೇ ಮಾಡಿತು.

ಪರಿಣಾಮಕಾರಿ ಎಂಬ ಮಾತು ಬಂತು, ಇರಲಿ. ಹೊಡೆದಾಟಕ್ಕೆ ಮುಂಚೆ ಲೆಕ್ಕ ನೋಡೋಣ. ನಮ್ಮ ಬಂಡಾಯದ ಬರವಣಿಗೆಗೆ ಲೆಕ್ಕದ ಜೊತೆ ಯಾಕೋ ಮುನಿಸು, ಅಂಕಿ ಅಂದರೆ ಬೂರ್ಜ್ವಾ ಅನ್ನುವವರಿದ್ದಾರೆ. ಈ ಯಂತ್ರದ ಮೊದಲ ಕನಸು ಕಂಡವರು ಅಮೆರಿಕದ ಹಾರ್ವರ್ಡಿನಲ್ಲಿದ್ದ ಅವಳಿ ಸಹೋದರರು, 1960ರ ದಶಕದಲ್ಲಿ. ಅವರ ಯೋಚನೆ ಶಿಕ್ಷೆಯದಾಗಿರಲಿಲ್ಲ. ದಾರಿ ತಪ್ಪಿದ ಹುಡುಗ ಹೊತ್ತಿಗೆ ಸರಿಯಾಗಿ ಸ್ಕೂಲಿಗೋ ಕೆಲಸಕ್ಕೋ ಬಂದರೆ ಅವನಿಗೊಂದು ಬಹುಮಾನ ಕೊಡುವುದು, ಶಾಭಾಷ್ ಅನ್ನುವುದು. 1983ರಲ್ಲಿ ನ್ಯೂ ಮೆಕ್ಸಿಕೋದ ನ್ಯಾಯಾಧೀಶನೊಬ್ಬ ಸ್ಪೈಡರ್‌ಮ್ಯಾನ್ ಚಿತ್ರಕಥೆಯಲ್ಲಿ ನಾಯಕನ ಕೈಗೆ ಖಳ ಕಟ್ಟಿದ ಯಂತ್ರ ನೋಡಿ, ನಮಗೂ ಒಂದು ಮಾಡಿಕೊಡಿ ಅಂದ. ಅಲ್ಲಿಂದ ಶಾಭಾಷ್ ಹೋಯಿತು, ಕಾವಲು ಉಳಿಯಿತು. ಖಳನ ಕೈಯಿಂದ ನ್ಯಾಯಾಧೀಶ ಕಲಿತದ್ದು ನಮಗಂತೂ ಆಶ್ಚರ್ಯ ತರಲಿಲ್ಲ.

ಇನ್ನು ಫಲ. ಅರ್ಜೆಂಟೀನಾದ ಬ್ಯೂನಸ್ ಐರಿಸ್ ಪ್ರಾಂತ್ಯದಲ್ಲಿ ಜೈಲಿನಲ್ಲಿ ಇಡುವ ಬದಲು ಕಡಗ ಹಾಕಿ ಮನೆಯಲ್ಲಿಟ್ಟವರನ್ನೂ ಜೈಲಿನಲ್ಲೇ ಕೊಳೆತವರನ್ನೂ ಹೋಲಿಸಿ ಇಬ್ಬರು ಅರ್ಥಶಾಸ್ತ್ರಜ್ಞರು 2013ರಲ್ಲಿ ಬರೆದರು. ಮತ್ತೆ ಅಪರಾಧಕ್ಕೆ ಇಳಿದವರು ಕಡಗದವರಲ್ಲಿ ನೂರಕ್ಕೆ 11ರಿಂದ 16ರಷ್ಟು ಕಮ್ಮಿ. ಇದು ಸಣ್ಣ ಮಾತಲ್ಲ. ಆದರೆ ಅಲ್ಲಿ ಗೆದ್ದದ್ದು ಯಾವುದು ಅಂತ ನೋಡಿ: ಮನೆ ಗೆದ್ದಿತು, ಜೈಲು ಸೋತಿತು. ಕಡಗ ಬಾಗಿಲು ತೆಗೆಯುವ ಬೀಗದ ಕೈಯಾಯಿತು ಅಷ್ಟೆ. ಫ್ಲಾರಿಡಾದ ಲೆಕ್ಕ ಬೇರೆ. ಅಲ್ಲಿ ಹೇಗೂ ಹೊರಗಿದ್ದು ನಿಗಾದಲ್ಲಿದ್ದವರ ಮೇಲೆ ಕಡಗ ಏರಿಸಿದರು. 2010ರಲ್ಲಿ ಬಂದ ಅಧ್ಯಯನದ ಪ್ರಕಾರ ಅವರು ಎಡವುವ ಸಂಭವ ಶೇಕಡಾ 31ರಷ್ಟು ಇಳಿಯಿತು. ಒಪ್ಪೋಣ, ಯಂತ್ರ ಕೆಲಸ ಮಾಡುತ್ತದೆ. ಆದರೆ ಅದೇ ಅಧ್ಯಯನದಲ್ಲಿ ಕಡಗ ತೊಟ್ಟವರು ಕೆಲಸ ಸಿಗುವುದು, ಹೆಂಡತಿ ಮಕ್ಕಳ ಜೊತೆ ಬಾಳುವುದು ಕಷ್ಟವಾಯಿತೆಂದು ಹೇಳಿಕೊಂಡರು. ಇಂಗ್ಲೆಂಡಿನಲ್ಲಿ ಈ ಕೆಲಸ ಗುತ್ತಿಗೆ ಹಿಡಿದ ದೊಡ್ಡ ಕಂಪನಿಗಳು ಸತ್ತವರ ಹೆಸರಿನಲ್ಲೂ ಸರ್ಕಾರಕ್ಕೆ ಬಿಲ್ಲು ಕಳಿಸಿದ್ದು 2013ರಲ್ಲಿ ಬಯಲಾಯಿತು. ಹೆಣದ ಕಾಲಿಗೂ ಬಾಡಿಗೆ!

ಈಗ ನಮ್ಮೂರಿಗೆ ಬರೋಣ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. 2007ರಲ್ಲಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೊಸ ಹೆಸರು ಕಟ್ಟಿದರು. ನಮ್ಮ ಕೇರಿಯ ಹೆಸರು ಕೇರಿ ಅಂತಲೇ ಇದೆ.

ಕನಕಪುರ ತಾಲ್ಲೂಕಿನ ಒಬ್ಬ ಜೀವಾವಧಿ ಕೈದಿ 2024ರ ಕೊನೆಯಲ್ಲಿ ಹೈಕೋರ್ಟಿಗೆ ಹೋದ. ಕೊಲೆ ಕೇಸು, 11 ವರ್ಷ ಒಳಗಿದ್ದವನು, ಅಷ್ಟು ವರ್ಷದಲ್ಲಿ ಒಮ್ಮೆಯೂ ಪೆರೋಲು ಕಂಡವನಲ್ಲ. ಕೇಳಿದ್ದು ಮದುವೆಗಲ್ಲ, ತಿಥಿಗಲ್ಲ. ಜಮೀನು ನೋಡುವವರಿಲ್ಲ, ಉತ್ತು ಬಿತ್ತಬೇಕು, ಬಿಡಿ. ಜೈಲಿನವರು ಆಗಲ್ಲ ಅಂದಿದ್ದರು. ಕೋರ್ಟು 90 ದಿನ ಕೊಟ್ಟಿತು. ಷರತ್ತು: ವಾರದ ಮೊದಲ ದಿನ ಠಾಣೆಗೆ ಬಂದು ಹಾಜರಿ ಹಾಕಬೇಕು, ಬೇರೆ ಯಾವ ಅಪರಾಧಕ್ಕೂ ಕೈ ಹಾಕಬಾರದು. ಇಷ್ಟೆ. ಕಡಗ ಇಲ್ಲ, ಉಪಗ್ರಹ ಇಲ್ಲ. ಅವನು ಯಾವ ಜಾತಿ ನಾವು ಕೇಳಲಿಲ್ಲ, ಕೇಳುವುದೂ ಇಲ್ಲ. ಸತ್ತವನ ಮನೆಯವರ ದುಃಖ ಇದರಿಂದ ಸಣ್ಣದಾಗುವುದಿಲ್ಲ ಅನ್ನುವುದೂ ನಮಗೆ ಗೊತ್ತು. ಆದರೂ ಈ ಆದೇಶವನ್ನು ಒಂದು ಒಳ್ಳೆಯ ಕಥೆ ಓದಿದ ಹಾಗೆ ಎರಡು ಸಲ ಓದಿದೆವು. ಯಾಕೆಂದರೆ ಉಳುವುದು ಒಂದು ಕಾರಣ ಅಂತ ದೊಡ್ಡ ಕೋರ್ಟು ಒಪ್ಪಿದ್ದು ಇಲ್ಲಿ ಕಾಣಿಸಿತು. ಇದೇ ಸೀಮೆಯ ಮಂಚನಬೆಲೆಯಲ್ಲಿ, ಮಾಗಡಿ ತಾಲ್ಲೂಕಿನಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರು 'ಊರುಕೇರಿ'ಯ ಶುರುವಿನಲ್ಲೇ ತಮ್ಮ ತಂದೆಯ ಹೆಗಲಿಗೆ ನೊಗ ಕಟ್ಟಿ ಉಳಿಸುತ್ತಿದ್ದುದನ್ನು ಕಂಡದ್ದು ಬರೆದಿದ್ದಾರೆ. ನೊಗ ಹೊತ್ತ ಆ ಹೆಗಲಿಗೂ, ಉಳಲು ರಜೆ ಕೇಳಿದ ಈ ಕೈದಿಗೂ ನಡುವೆ ಎಷ್ಟು ದೂರ ಬಂದಿದ್ದೇವೆ, ಎಷ್ಟು ಬಂದಿಲ್ಲ ಅನ್ನುವುದನ್ನು ನಮ್ಮ ವಿಮರ್ಶಕರು ಅಳೆಯಲಿ.

ಪೆರೋಲು ಫಲ ಕೊಟ್ಟಿತೇ ಅಂತ ನೋಡಬೇಕಾದರೆ ನಾವು ನೋಡುವುದು ಆ ಹೊಲವನ್ನು. ರಾಗಿ ಬಿತ್ತಿದನೋ, ಸಾಲ ಎಷ್ಟು ತೀರಿತು, ಮಕ್ಕಳು ಅವನ ಹತ್ತಿರ ಹೋದವೋ, 90ನೇ ದಿನ ತಾನಾಗಿ ಜೈಲಿನ ಬಾಗಿಲಿಗೆ ಹೋದನೋ. ಯಂತ್ರಕ್ಕೆ ಇದರಲ್ಲಿ ಕಡೆಯದೊಂದು ಮಾತ್ರ ಗೊತ್ತಾಗುತ್ತದೆ. ಉಳಿದದ್ದು ಪರದೆಯ ಮೇಲಿನ ಒಂದು ಚುಕ್ಕಿ.

ಆ ಚುಕ್ಕಿಯೂ ಇಲ್ಲಿ ನೆಟ್ಟಗೆ ನಿಲ್ಲುವುದು ಕಷ್ಟ. ಕನಕಪುರದಿಂದ ಕೋಡಿಹಳ್ಳಿ ದಾಟಿ ಸಂಗಮದ ಕಡೆ ಬಸ್ಸಿನಲ್ಲಿ ಹೋದವರಿಗೆ ಫೋನಿನ ಗೆರೆಗಳು ಒಂದೊಂದಾಗಿ ಉದುರುವುದು ಗೊತ್ತು. ಸಾವನದುರ್ಗದ ಬಂಡೆಯ ನೆರಳಲ್ಲಿ ದನ ಕಾಯುವವನನ್ನು ಉಪಗ್ರಹ ಕಾಣಬಹುದು, ಆದರೆ ಕಂಡದ್ದನ್ನು ಠಾಣೆಗೆ ಹೇಳಲು ಟವರು ಬೇಕು. ಬ್ಯಾಟರಿಗೆ ದಿನವೂ ಕರೆಂಟು ಕುಡಿಸಬೇಕು, ಪ್ಲಗ್ಗಿನ ಪಕ್ಕ ಕಾಲು ಚಾಚಿ ಕೂರಬೇಕು. ಸಿಗ್ನಲ್ ಸತ್ತರೆ, ಚಾರ್ಜು ಇಳಿದರೆ ಅದು ಯಾರ ತಪ್ಪು? ಮಾದರಿ ಕಾಯಿದೆಯ 'ಮೀರಿ ನಡೆದರೆ' ಅನ್ನುವ ಮಾತಿಗೆ ಟವರಿನ ತಪ್ಪು ಬೇರೆ, ಮನುಷ್ಯನ ತಪ್ಪು ಬೇರೆ ಅನ್ನುವ ವಿವೇಕ ಎಲ್ಲಿದೆ? 2020ರಲ್ಲಿ ಕೊರೋನಾ ಬಂದಾಗ ನಮ್ಮ ರಾಜ್ಯ ಸರ್ಕಾರ ಮನೆಯಲ್ಲಿ ಕ್ವಾರಂಟೈನ್ ಆದವರೆಲ್ಲ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಿ, ಇಲ್ಲದಿದ್ದರೆ ಎತ್ತಿಕೊಂಡು ಹೋಗಿ ಸಾಮೂಹಿಕ ಕ್ವಾರಂಟೈನಿಗೆ ಹಾಕುತ್ತೇವೆ ಅಂದಿತ್ತು. ಅವರು ಕೈದಿಗಳೂ ಅಲ್ಲ. ಒಳ್ಳೆ ಫೋನು ಇದ್ದವನು ಒಳ್ಳೆ ಪ್ರಜೆ, ಬಟನ್ ಫೋನಿನವನು ತಪ್ಪಿಸಿಕೊಂಡವನು.

ಇನ್ನೊಂದು ಸಂಗತಿ, ಇದನ್ನು ಯಾವ ವರದಿಯಲ್ಲೂ ನಾವು ಓದಲಿಲ್ಲ. ಅಮೆರಿಕದಲ್ಲಿ ಈ ಕಡಗ ಪ್ಯಾಂಟಿನ ಒಳಗೆ ಮರೆಯಾಗುತ್ತದೆ. ನಮ್ಮ ಗಂಡಸರು ಕೆಸರುಗದ್ದೆಗೆ ಇಳಿಯುವುದು ಪಂಚೆ ಎತ್ತಿ ಕಟ್ಟಿ. ರಾಮನಗರದ ರೇಷ್ಮೆ ಬಿಚ್ಚುವ ಮನೆಗಳಲ್ಲಿ ಕುದಿನೀರಿನ ಬಾಣಲೆ ಮುಂದೆ ನಿಂತವರ ಕಾಲು ದಿನವಿಡೀ ಒದ್ದೆ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವನು ಲುಂಗಿಯಲ್ಲೇ ಕೂರುತ್ತಾನೆ. ಮುಚ್ಚಿಕೊಳ್ಳಲು ಬಟ್ಟೆ ಎಲ್ಲಿದೆ? ಮೊಣಕಾಲಿಗಿಂತ ಕೆಳಗೆ ಪಂಚೆ ಬಿಟ್ಟರೆ ಊರವರು ಕಣ್ಣು ಕೆಂಪಗೆ ಮಾಡುತ್ತಿದ್ದ ಕಾಲವನ್ನು ನಮ್ಮ ತಾತಂದಿರು ಹೇಳುತ್ತಾರೆ. ದಲಿತನ ಕಾಲು ಕಾಣುತ್ತಿರಬೇಕು ಅನ್ನುವುದು ಹಳೆಯ ಶಾಸನ. ಈಗ ಆ ಕಾಲಿನ ಮೇಲೊಂದು ಕೆಂಪು ದೀಪ ಮಿನುಗಿದರೆ ಕೂಲಿಗೆ ಕರೆಯುವವರು ಯಾರು, ಟೀ ಅಂಗಡಿಯಲ್ಲಿ ಪಕ್ಕಕ್ಕೆ ಸರಿಯುವವರು ಎಷ್ಟು ಮಂದಿ ಅಂತ ಕೇಳಲು ಅಧ್ಯಯನ ಬೇಕಿಲ್ಲ.

ನಾವು ಹುಡುಗರಾಗಿದ್ದಾಗ ನಮ್ಮ ಕೇರಿಗೆ ಒಬ್ಬರು ಪೆರೋಲಿನ ಮೇಲೆ ಬಂದರು. ಬೆಳಗಿನ ಬಸ್ಸಿನಲ್ಲಿ ಇಳಿದರೆ ಹತ್ತು ಗಂಟೆಗೆ ಊರಿಗೆಲ್ಲ ಗೊತ್ತು. ಮಧ್ಯಾಹ್ನಕ್ಕೆ ಪಟೇಲರ ಕಡೆಯವನೊಬ್ಬ ಬಂದು, ಏನ್ಲಾ ಬಂದ್ಯಾ, ಎಷ್ಟು ದಿನ ಇರ್ತೀಯೆ ಅಂತ ವಿಚಾರಿಸಿಕೊಂಡು ಹೋದ. ವಾರಕ್ಕೊಂದು ದಿನ ಠಾಣೆ. ಠಾಣೆಯ ಹೆಸರು ಬೇಡ. ಹೋದವರನ್ನು ಸಂಜೆಯವರೆಗೆ ಹೊರಗೆ ಕೂರಿಸಿ, ಅಂಗಳ ಗುಡಿಸಿಸಿ, ಆಮೇಲೆ ರುಜು ಹಾಕಿಸಿಕೊಳ್ಳುತ್ತಿದ್ದರು. ಆ ದಿನದ ಕೂಲಿ ಹೋಯಿತು. ಈಗ ಕಡಗದ ಸುದ್ದಿ ಹೇಳಿ ನಿಮಗೇನನ್ನಿಸುತ್ತದೆ ಅಂತ ಕೇಳಿದೆವು. 'ಅಂಗ್ಳ ಗುಡಿಸೋದು ತಪ್ತದೆ ಅಂದ್ರೆ ಕಟ್ಲಿ ಬುಡು. ಎರಡು ಕಾಲ್ಗೂ ಕಟ್ಲಿ' ಅಂದರು. ನಾವು ತೆಪ್ಪಗಾದೆವು. ನಮ್ಮ ಲೇಖನದ ಅರ್ಧ ಅಲ್ಲಿಗೇ ಬಿದ್ದುಹೋಯಿತು.

ಬಿದ್ದದ್ದನ್ನು ಎತ್ತಿಕೊಂಡು ಯೋಚಿಸಿದ್ದು ಹೀಗೆ. ಪೊಲೀಸರಿಗೆ ಕೇರಿಯ ವಿಳಾಸ ಯಾವತ್ತೂ ಮರೆತಿಲ್ಲ. ದೇವನೂರರ 'ಒಡಲಾಳ'ದಲ್ಲಿ ಕಡಲೆಕಾಯಿ ಕಳುವಾದಾಗ ಪೊಲೀಸರು ಸಾಕವ್ವನ ಗುಡಿಸಲಿಗೇ ನುಗ್ಗುತ್ತಾರೆ. ಜಿಪಿಎಸ್ಸಿಲ್ಲದೆಯೇ. ಆ ಕಥೆಯನ್ನು ಹಸಿವಿನ ಕಥೆಯೆಂದು ನಮ್ಮ ಮೇಷ್ಟ್ರುಗಳು ಪಾಠ ಮಾಡಿದರು, ಸರಿಯೇ. ನಾವದನ್ನು ಕಾವಲಿನ ಕಥೆಯಾಗಿಯೂ ಓದುತ್ತೇವೆ. ಚಂಡೀಗಢ, ಪಂಚಕುಲಾ, ನಾಗಪುರಗಳಲ್ಲಿ ಕಸ ಗುಡಿಸುವವರ ಕೈಗೆ ಜಿಪಿಎಸ್ ಗಡಿಯಾರ ಕಟ್ಟಿ ವರ್ಷಗಳಾದವು. ಅವರು ಮಾಡಿದ ಅಪರಾಧ ಯಾವುದು? ಕೈದಿಯ ಕಾಲಿಗೆ ಬರುವ ಮುಂಚೆ ಪೌರಕಾರ್ಮಿಕನ ಕೈಗೆ ಬಂತು ಯಂತ್ರ. ಜೈಲಿನ ಒಳಗೂ ಪೊರಕೆಗೆ ಜಾತಿ ಇತ್ತು: ಗುಡಿಸುವುದು ಈ ಜಾತಿಗೆ, ಅಡುಗೆ ಆ ಜಾತಿಗೆ ಅಂತ ಜೈಲು ಕೈಪಿಡಿಗಳಲ್ಲೇ ಬರೆದಿಟ್ಟದ್ದನ್ನು ಸುಪ್ರೀಂ ಕೋರ್ಟು 2024ರ ಅಕ್ಟೋಬರ್ 3ರಂದು ಹೊಡೆದು ಹಾಕಿತು. ಮುಂದಿನ ತಿಂಗಳೇ ಅದೇ ಕೋರ್ಟಿನ ಸಂಶೋಧನಾ ಕೇಂದ್ರದ ವರದಿ ಹೊರಬಂದು ಕಡಗದ ಪ್ರಸ್ತಾಪ ಮಾಡಿತು. ಒಡಿಶಾದ ಲೆಕ್ಕದಂತೆ ಕಡಗಕ್ಕೆ ಸುಮಾರು 10ರಿಂದ 15 ಸಾವಿರ ರೂಪಾಯಿ, ವಿಚಾರಣಾ ಕೈದಿಯನ್ನು ಒಂದು ವರ್ಷ ಒಳಗಿಡಲು ಸುಮಾರು 1 ಲಕ್ಷ.

ಈ ಲೆಕ್ಕ ನಮಗೆ ಬೇಕಾದ ಕಡೆಗೂ ತಿರುಗುತ್ತದೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಜನ ವಿಚಾರಣಾ ಕೈದಿಗಳು, ತಪ್ಪು ಮಾಡಿದ್ದಾರೆಂದು ಇನ್ನೂ ಯಾರೂ ಹೇಳದವರು. ಜಾಮೀನು ಸಿಕ್ಕಿಯೂ ಶ್ಯೂರಿಟಿಗೆ ಪಹಣಿ ತರಲಾಗದೆ ಕೂತವರು ಇವರಲ್ಲಿದ್ದಾರೆ. ಭೂಮಿ ಇಲ್ಲದವನ ಕೈಯಲ್ಲಿ ಪಹಣಿ ಎಲ್ಲಿಂದ ಬರಬೇಕು? ಪಹಣಿಯ ಬದಲು ಕಾಲು ಕೊಡುತ್ತೇನೆ, ಮನೆಗೆ ಕಳಿಸಿ ಅಂತ ಅವನು ಕೇಳಿದರೆ ನಾವು ಅಡ್ಡ ಬರುವುದಿಲ್ಲ. ಅರ್ಜೆಂಟೀನಾದ ಲೆಕ್ಕ ಅವನ ಪರ. ಆದರೆ ಮಾದರಿ ಕಾಯಿದೆ ಕಡಗವನ್ನು ಕಟ್ಟುತ್ತಿರುವುದು ಹೇಗೂ ಹೊರಬರುವ ಹಕ್ಕಿನ ಕಾಲಿಗೆ, ವಾರದ ಹಾಜರಿಯಲ್ಲೇ ನಡೆಯುತ್ತಿದ್ದ ರಜೆಯ ಕಾಲಿಗೆ. ಬಾಗಿಲು ತೆಗೆಯಲು ಅಲ್ಲ, ತೆಗೆದ ಬಾಗಿಲಿಗೆ ಇನ್ನೊಂದು ಚಿಲಕ. 2024ರ ಜುಲೈನಲ್ಲಿ ಜಾಮೀನು ಪಡೆದವನ ಪ್ರತಿ ಚಲನೆಯನ್ನೂ ಪೊಲೀಸರು ಹಿಂಬಾಲಿಸುವಂಥ ಷರತ್ತು ಹಾಕಕೂಡದು, ಅದು ಖಾಸಗಿ ಬದುಕಿಗೆ ಕೈ ಹಾಕಿದಂತೆ ಅಂತ ಸುಪ್ರೀಂ ಕೋರ್ಟು ಹೇಳಿತು. ಅದು ಜಾಮೀನಿನ ಮಾತು. ಶಿಕ್ಷೆಯಾದವನಿಗೂ ಕಾಲು ಅವನದೇ ಅನ್ನುವ ಮಾತನ್ನು ಯಾರು ಹೇಳುತ್ತಾರೆ?

ಇಷ್ಟು ಬರೆದು ನಿಲ್ಲಿಸಿದ್ದರೆ ಈ ಲೇಖನ ನಮ್ಮ ಹಳೆಯ ಪದ್ಯಗಳ ಹಾಗೆ ಆಗುತ್ತಿತ್ತು, ಸಂಕೋಲೆ ಬಂತು, ಕಿತ್ತೊಗೆ. ಕೇರಿಯಲ್ಲಿ ಎರಡು ಥರದ ಜನ ಇದ್ದಾರೆ ಅನ್ನುವುದನ್ನು ನಾವು ಮರೆಯುತ್ತೇವೆ. ಜೈಲಿನಿಂದ ಬರುವವನು ಒಬ್ಬ. ಜೈಲಿನಿಂದ ಬಂದವನಿಗೆ ಹೆದರುವವಳು ಇನ್ನೊಬ್ಬಳು. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಕೋರ್ಟು 98 ಜನಕ್ಕೆ ಜೀವಾವಧಿ ಕೊಟ್ಟಿತು. ದೇಶವೇ ಮಾತಾಡಿತು. ಮುಂದಿನ ತಿಂಗಳು ಧಾರವಾಡ ಪೀಠದಿಂದ ಬಹುತೇಕರಿಗೆ ಜಾಮೀನು ಸಿಕ್ಕಿತು, ಅದು ಕೋರ್ಟಿನ ಅಧಿಕಾರ. ಆದರೆ ಅವರು ಮರಳುವುದು ಅದೇ ಊರಿಗೆ, ಸಾಕ್ಷಿ ಹೇಳಿದವರ ಮನೆಯ ಮುಂದಿನ ಅದೇ ದಾರಿಗೆ. ಕಡಗದ ಮಾತು ಆಗ ಯಾರ ಬಾಯಲ್ಲೂ ಬರಲಿಲ್ಲವಲ್ಲ?

ಸ್ಪೇನಿನಲ್ಲಿ 2009ರಿಂದ ಹೆಂಡತಿಯ ಮೇಲೆ ಕೈ ಮಾಡಿದ ಗಂಡನ ಮೈಗೊಂದು ಯಂತ್ರ, ಹೆಂಡತಿಯ ಕೈಯಲ್ಲೊಂದು ಯಂತ್ರ. ಅವನು ಗೆರೆ ದಾಟಿ ಹತ್ತಿರ ಬಂದರೆ ಅವಳಿಗೂ ಗೊತ್ತಾಗುತ್ತದೆ. ಇಲ್ಲಿ ವೃತ್ತ ಎಳೆದಿರುವುದು ಕೈದಿಯ ಸುತ್ತ ಅಲ್ಲ, ಪೆಟ್ಟು ತಿಂದವಳ ಸುತ್ತ. ಅಲ್ಲಿಯೂ ಯಂತ್ರ ಕೆಟ್ಟು ಗಲಾಟೆಯಾಗಿದೆ, ಅದು ಬೇರೆ. ನಮ್ಮಲ್ಲಿ ಇದಕ್ಕೆ ಕಾನೂನಿನ ನೆಲವೂ ಇದೆ. ದೌರ್ಜನ್ಯ ತಡೆ ಕಾಯಿದೆಗೆ 2016ರ ಜನವರಿ 26ರಿಂದ ಜಾರಿಗೆ ಬಂದ 15ಎ ಕಲಮಿನ ಪ್ರಕಾರ, ಆರೋಪಿಯ ಜಾಮೀನಿನ ವೇಳೆ ಮಾತ್ರವಲ್ಲ, ಅಪರಾಧಿಯ ಪೆರೋಲಿನ ವೇಳೆಯೂ ಸಂತ್ರಸ್ತರ ಮಾತನ್ನು ಕೋರ್ಟು ಕೇಳಬೇಕು. ಪೆರೋಲ್ ಎಂಬ ಪದ ಆ ಕಲಮಿನಲ್ಲೇ ಇದೆ. ಕೇರಿಯ ಹೆಂಗಸು ಬಂದು 'ಈ ದಾರಿಗೆ ಅಂವ ಬರಬಾರದು' ಅಂತ ಹೇಳಿ, ಕೋರ್ಟು ಅದನ್ನು ಕೇಳಿ, ಗೆರೆ ಎಳೆದರೆ, ಆ ಕಡಗಕ್ಕೆ ನಾವು ಸಂಕೋಲೆ ಅನ್ನುವುದಿಲ್ಲ.

ಈ ಲೇಖನ ಬರೆಯುವ ಮುಂಚೆ ನಾಲ್ಕು ತಾಲ್ಲೂಕಿನ ಕೆಲವು ಕೇರಿಗಳಲ್ಲಿ ನಾವು ಒಂದೇ ಪ್ರಶ್ನೆ ಕೇಳುತ್ತಾ ಓಡಾಡಿದೆವು: ನಿಮ್ಮ ಕೇಸಿನವನು ಹೊರಗೆ ಬರುವ ಮುಂಚೆ ನಿಮಗೆ ಯಾರಾದರೂ ಕಾಗದ ಕೊಟ್ಟರಾ? ಚನ್ನಪಟ್ಟಣದ ಕಡೆಯ ಒಬ್ಬ ಹೆಂಗಸು, ಮಗನ ಮೇಲೆ ಹಲ್ಲೆಯಾದ ಕೇಸಿನಲ್ಲಿ ಸಾಕ್ಷಿ ಹೇಳಿದವಳು, ಮೊರ ಕೆಳಗಿಟ್ಟು 'ಕಾಗ್ದ ಯಾಕೆ, ಅವ್ನೇ ಬಂದು ಎದುರಿಗೆ ನಿಂತಾಗ ಗೊತ್ತಾಯ್ತು' ಅಂದಳು. ಕಡಗದ ವಿಷಯ ವಿವರಿಸಿದೆವು. ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು:

'ದನದ ಕೊಳ್ಳಿಗೆ ಗಂಟೆ ಕಟ್ಟಿದಂಗಾ? ಅಂವ ಬಂದ್ರೆ ಸದ್ದು ನಂಗೆ ಕೇಳಿಸ್ತದಾ?'

ಇಲ್ಲ, ಠಾಣೆಗೆ ಕೇಳಿಸುತ್ತದೆ ಅಂದೆವು.

'ಟೇಸನ್ನಿಗಾ' ಅಂದವಳು ಮೊರ ಎತ್ತಿಕೊಂಡು ಮತ್ತೆ ರಾಗಿ ಕೇರುವುದಕ್ಕೆ ಹತ್ತಿದಳು. ಠಾಣೆ ಅಲ್ಲಿಂದ ಹದಿನಾಲ್ಕು ಕಿಲೋಮೀಟರು, ದಿನಕ್ಕೆ ಎರಡು ಬಸ್ಸು.